ಇಲಿಗಳ ಕೋಣೆಗೆ ಬಂದ ವರ

ಎಂಬತ್ತರ ದಶಕದ ನಡುವಿನ ಮಾತಿದು. ಆಗ ನಮ್ಮ ಸಾಂಗಲಿ, ಮಿರಜ ಭಾಗದಲ್ಲಿ ಯಾವ ಹಳ್ಳಿಗೆ ಹೋದರೂ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಹಾಲಿನ ಸೊಸಾಯಿಟಿಯ ಬೋರ್ಡು, ಮೊದಲು ಕಿವಿಗೆ ಬೀಳುತ್ತಿದ್ದುದು ಆ ಸೊಸಾಯಿಟಿಯ ಜಗಳ. ನನಗಾಗ ಇಪ್ಪತ್ಮೂರು ವರ್ಷ. ಮಿರಜಿನ ಒಂದು ಕಾಲೇಜಿನಲ್ಲಿ ಪ್ರಯೋಗಕ್ಕೆಂದು ಸಾಕಿದ ಬಿಳಿ ಇಲಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ.

ನನ್ನ ಕೆಲಸ ಏನೆಂದು ಜನರಿಗೆ ತಿಳಿಸಿ ಹೇಳುವುದರಲ್ಲೇ ನನಗೆ ಸಾಕುಸಾಕಾಗಿ ಹೋಗಿತ್ತು. "ಇಲಿ ಹಿಡಿಯೂದಕ್ಕ ಪಗಾರ ಕೊಡ್ತಾರೇನ ನಿನಗ?" ಎಂದು ನಾವಿದ್ದ ಚಾಳಿನ ಹೆಂಗಸರು ಕೇಳುತ್ತಿದ್ದರು. "ಹಿಡಿಯೂದಲ್ರಿ, ಸಾಕೂದು" ಎಂದರೆ, "ಅಯ್ಯ, ನಮ್ಮ ಮನ್ಯಾಗ ನಾವು ಪುಕ್ಕಟೆ ಸಾಕೇವಿ, ಬಂದ ಒಯ್ಯವಾ" ಎಂದು ನಗುತ್ತಿದ್ದರು. ಅಪ್ಪ ಸಲಗರೆ ಹಳ್ಳಿಯಿಂದ ಬಂದು ಕುಪವಾಡದ ಕೈಗಾರಿಕಾ ವಸಾಹತು ಎಂಐಡಿಸಿಯ ಒಂದು ಫೌಂಡ್ರಿಯಲ್ಲಿ ದುಡಿಯುತ್ತಿದ್ದರು. ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದಳು. ಅಪ್ಪನದು ಮಾತು ಕಡಿಮೆ. ಅವರ ಪಾಲಿನ ಮಾತನ್ನೂ ಸೇರಿಸಿ ಆಡಲು ದೇವರು ಅವರಿಗೊಬ್ಬ ತಮ್ಮನನ್ನು ಕೊಟ್ಟಿದ್ದ. ಅವರೇ ನಮ್ಮ ಕಾಕಾ.

ಮೊದಲು ಇಲಿಗಳ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪ್ರಯೋಗ ನಡೆಸುತ್ತಿದ್ದ ನಮ್ಮ ಸರ್‌ಗೆ ಒಂದೇ ಹುಚ್ಚು. ಗಂಡಿಲಿಗಳು ಯಾಕೆ ಕಾದಾಡುತ್ತವೆ, ಅದು ಹುಟ್ಟಿನಿಂದ ಬಂದದ್ದೋ ಬೆಳೆದ ರೀತಿಯಿಂದ ಬಂದದ್ದೋ ಎಂಬುದನ್ನು ತಿಳಿಯಬೇಕು. ಅದಕ್ಕಾಗಿ ಎರಡು ವಂಶ ಬೆಳೆಸಿದ್ದರು. ಬೇಗ ಕಾದಾಟಕ್ಕೆ ಇಳಿಯುವ ಇಲಿಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸಿ ಮರಿ ಮಾಡಿಸಿದ್ದು ಒಂದು, ಅದಕ್ಕೆ ಕೆಂಪು ಚೀಟಿ. ತಣ್ಣಗಿನ ಸ್ವಭಾವದವನ್ನು ಆರಿಸಿ ಮಾಡಿಸಿದ್ದು ಇನ್ನೊಂದು, ಅದಕ್ಕೆ ನೀಲಿ ಚೀಟಿ. ಒಂದು ಗಂಡಿಲಿಯ ಗೂಡಿಗೆ ಅದು ಕಂಡರಿಯದ ಇನ್ನೊಂದು ಗಂಡನ್ನು ಬಿಟ್ಟು ನೋಡುತ್ತ ಕೂಡುವುದು ನನ್ನ ಕೆಲಸ. ನೀಲಿಯವು ಮೂಸಿ ನೋಡಿ ಸುಮ್ಮನಾಗುತ್ತಿದ್ದವು. ಕೆಂಪಿನವು ಬಾಲ ಅಲ್ಲಾಡಿಸಿ, ಬಂದವನ ಬೆನ್ನ ಮೇಲೆ ಬಿದ್ದು ಬಾಲದ ಬುಡ ಕಚ್ಚಿಯೇ ಬಿಡುತ್ತಿದ್ದವು.

ಕೆಂಪು ವಂಶದ ಮರಿಗಳನ್ನು ಹುಟ್ಟಿದ ಕೂಡಲೇ ನೀಲಿ ತಾಯಿಯ ಮಡಿಲಿಗೆ ಹಾಕಿಯೂ ನೋಡಿದ್ದೆವು. ಸಾಧು ತಾಯಿಯ ಹಾಲು ಕುಡಿದು ಬೆಳೆದರೂ ಹೆಚ್ಚಿನ ಗಂಡುಗಳು ದೊಡ್ಡವಾದ ಮೇಲೆ ಕಾದಾಡಿದವು. ಆದರೆ ಎಲ್ಲವೂ ಅಲ್ಲ. ಒಂಟಿಯಾಗಿ ಇಟ್ಟವು ಜಾಸ್ತಿ, ಹುಟ್ಟಿದಾಗಿನಿಂದ ಅಣ್ಣತಮ್ಮಂದಿರ ಜೊತೆ ಇಟ್ಟವು ಕಡಿಮೆ. "ಅಂದರೆ ರಕ್ತವೋ, ಬೆಳೆಸಿದ ರೀತಿಯೋ, ಯಾವುದು ಸರ್?" ಎಂದು ಕೇಳಿದರೆ ಸರ್ ಮರಾಠಿಯಲ್ಲಿ "ದೋನ್ಹೀ", ಎರಡೂ, ಎನ್ನುತ್ತಿದ್ದರು. ಇಷ್ಟು ದಿನ ಗೂಡುಗಳಲ್ಲಿ ಹಾಸಿದ ಹೊಟ್ಟು ಬದಲಿಸಿ, ಕಚ್ಚಿಸಿಕೊಂಡು ಕೊನೆಗೆ ಸಿಕ್ಕ ಉತ್ತರ ಇದು! ಹುಟ್ಟಿನಿಂದ ಬರುವುದಕ್ಕೆ ಅವರು ಜನುಕ ಎನ್ನುತ್ತಿದ್ದರು. ಕನ್ನಡದಲ್ಲಿ ಅದಕ್ಕೆ ವಂಶವಾಹಿ ಎನ್ನುತ್ತಾರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ನಾನು ರಕ್ತ ಅಂತಲೇ ತಿಳಿದಿದ್ದೆ.

ಅಂಥ ದಿನಗಳಲ್ಲಿ ಕಾಕಾ ನನಗೊಂದು ಸ್ಥಳ, ಅಂದರೆ ಮದುವೆಯ ಸಂಬಂಧ, ತಂದರು. ಹತ್ತಿರದ ಬೇಡಗ ಹಳ್ಳಿಯ ಬಾಳಪ್ಪನವರ ಮಗ ಸುಭಾಷ, ಕುಪವಾಡದ ಒಂದು ವರ್ಕಶಾಪಿನಲ್ಲಿ ಫಿಟರ್. ಬಾಳಪ್ಪನವರ ಹೆಸರು ಕೇಳಿದ ಕೂಡಲೇ ಅಪ್ಪನ ಮುಖ ಸಪ್ಪಗಾಯಿತು. ಹಾಲಿನ ಸೊಸಾಯಿಟಿಯ ಚುನಾವಣೆಯಲ್ಲಿ ಬಾಳಪ್ಪ ಒಂದು ಪ್ಯಾನೆಲ್, ಅವರ ಸ್ವಂತ ತಮ್ಮ ಕಲ್ಲಪ್ಪ ಇನ್ನೊಂದು ಪ್ಯಾನೆಲ್. ವಾರ್ಷಿಕ ಸಭೆಯಲ್ಲಿ ಅಣ್ಣತಮ್ಮಂದಿರು ಬೆಂಚು ಎತ್ತಿ ಹೊಡೆದಾಡಿಕೊಂಡ ಸುದ್ದಿ ಮಿರಜದವರೆಗೂ ಬಂದಿತ್ತು. ಅವರ ಅಪ್ಪನೂ ಹಾಗೆಯೇ ಇದ್ದನಂತೆ, ನೀರಿನ ಪಾಳಿಗಾಗಿ ಯಾರದೋ ತಲೆ ಒಡೆದವನಂತೆ.

ಒಂದು ರವಿವಾರ ನನ್ನನ್ನು ನೋಡಲು ಬಂದರು. ಕರೆಯದಿದ್ದರೆ ಮತ್ತೊಂದು ರಂಪವಾಗುತ್ತದೆಂದು ಕಲ್ಲಪ್ಪನನ್ನೂ ಕರೆದಿದ್ದರು. ಅಣ್ಣ ಒಂದು ಗೋಡೆಗೆ, ತಮ್ಮ ಎದುರಿನ ಗೋಡೆಗೆ ಕೂತರು. ಒಬ್ಬರಿಗೊಬ್ಬರು ಮಾತಿಲ್ಲ. ತಮ್ಮನ ಹಣೆಯ ಮೇಲೆ ಹೊಲಿಗೆಯ ಗುರುತು ಎದ್ದು ಕಾಣುತ್ತಿತ್ತು. ಸುಭಾಷ ಬಾಗಿಲ ಹತ್ತಿರ ಚಾಪೆಯ ಅಂಚಿಗೆ ಕೂತಿದ್ದ.

ನಾನು ಚಹಾ ಕೊಡುತ್ತ ಬಂದೆ. ಹುಡುಗನ ತಾಯಿ ಗಂಗವ್ವ ಎಡಗೈ ಚಾಚಿ ಕಪ್ಪು ತೆಗೆದುಕೊಂಡರು. ಬಲ ಮುಂಗೈ ಸೊಟ್ಟಗಿತ್ತು. ಮುರಿದು, ಸರಿಯಾಗಿ ಕಟ್ಟಿಸದೆ ಹಾಗೆಯೇ ಕೂಡಿಕೊಂಡ ಎಲುಬು. ನನಗೆ ಬಾಯಿ ತಡೆಯಲಿಲ್ಲ. "ಮಾವಶಿ, ಕೈಗೇನ ಆಗೈತ್ರಿ?" ಎಂದೆ.

"ಬಿದ್ದಿದ್ಲು" ಎಂದರು ಬಾಳಪ್ಪ. "ಹೌದವಾ, ಬಿದ್ದಿದ್ನಿ" ಎಂದರು ಗಂಗವ್ವ. ಸುಭಾಷ ತಲೆ ತಗ್ಗಿಸಿ ನೆಲ ನೋಡತೊಡಗಿದ. ಕಾಕಾ ಮಾತ್ರ ಏನೂ ಆಗದವರಂತೆ, "ಚುರಮುರಿ ತಗೋರಿ, ತಗೋರಿ" ಎಂದು ತಟ್ಟೆ ಮುಂದೆ ಮಾಡಿದರು.

ಅವರಿಗೆ ನಾನು ಒಪ್ಪಿಗೆಯಾದೆನಂತೆ. ಆ ಸುದ್ದಿ ಹೇಳಲು ಕಾಕಾ ಪೇಢೆ ತೆಗೆದುಕೊಂಡೇ ಬಂದಿದ್ದರು.

"ಕಾಕಾ, ಆ ಮನ್ಯಾಗ ಗಂಡಸರು ಕೈ ಎತ್ತತಾರ. ಹುಡುಗ ಹೆಂಗ ಅದಾನ ಅಂತ ವಿಚಾರಿಸಿದ್ರೇನು?"

"ವಿಚಾರ್ಸೇನಿ. ಕುಡಿಯೂದಿಲ್ಲ, ತಂಬಾಕ ತಿನ್ನೂದಿಲ್ಲ, ಕೆಲಸಾ ಪಕ್ಕಾ ಐತಿ."

"ಹೊಡಿತಾನೇನು ಅಂತ ಕೇಳಿದ್ರೇನು?"

ಕಾಕಾ ನನಗೆ ಹುಚ್ಚು ಹಿಡಿದಿದೆ ಎಂಬಂತೆ ನೋಡಿದರು. "ಹಂಗ ಯಾರ ಕೇಳ್ತಾರವಾ? ಬೀಗರಾಗೂ ಪಾವಣ್ಯಾರ ಮನಿಗೆ ಹೋಗಿ, ನಿಮ್ಮ ಹುಡುಗ ಹೊಡಿತಾನೇನ್ರಿ ಅಂತ ಕೇಳೂದು?"

ಬಣ್ಣ ಕೇಳಬಹುದು. ಹೊಲ ಎಷ್ಟು, ಬಂಗಾರ ಎಷ್ಟು ಎಂದು ಕೇಳಬಹುದು. ನನ್ನ ಹಲ್ಲು ಸರಿಯಿವೆಯೇ ಎಂದು ನಗಿಸಿ ನೋಡಬಹುದು. ಇದೊಂದನ್ನು ಮಾತ್ರ ಕೇಳಬಾರದು. ಆ ಸಿಟ್ಟಿನಲ್ಲಿ ಕಾಕಾಗೆ ಕೆಂಪು ವಂಶ, ನೀಲಿ ವಂಶ ಎಲ್ಲ ಬಿಡಿಸಿ ಹೇಳಿದೆ. ಹುಡುಗನ ಅಜ್ಜ ಹಾಗೆ, ಅಪ್ಪ ಹಾಗೆ, ಅಪ್ಪನ ತಮ್ಮ ಹಾಗೆ ಇದ್ದಾಗ ಅವನ ಬಗ್ಗೆ ಕೇಳುವುದು ತಪ್ಪೇ ಎಂದೆ. ಕಾಕಾ ಗಂಭೀರವಾಗಿ ತಲೆ ಅಲ್ಲಾಡಿಸಿದರು. ತಿಳಿಯಿತು ಎಂದುಕೊಂಡೆ.

ಮರುದಿನವೇ ಆ ಪುಣ್ಯಾತ್ಮರು ಬೇಡಗಕ್ಕೆ ಹೋಗಿ, "ಸಿಟ್ಟ ಮಾಡ್ಕೋಬ್ಯಾಡ್ರಿ, ನಿಮ್ಮ ಮನಿತನದ ಗಂಡಸರು ಇಲಿ ಇದ್ದಂಗ ಅಂತ ನಮ್ಮ ಹುಡುಗಿ ಅಂತಾಳ" ಎಂದು ಹೇಳಿ ಬಂದರು. ಸಿಟ್ಟು ಮಾಡಿಕೊಳ್ಳಬೇಡಿ ಎಂದು ಮೊದಲೇ ಹೇಳಿದ್ದರಿಂದ ಅವರ ಪ್ರಕಾರ ಅದರಲ್ಲಿ ತಪ್ಪೇನೂ ಇರಲಿಲ್ಲ!

ಎರಡು ದಿನ ಬಿಟ್ಟು, ಮಧ್ಯಾಹ್ನ ನಾನು ಗೂಡುಗಳ ಹೊಟ್ಟು ಬದಲಿಸುತ್ತಿದ್ದಾಗ, ಬಾಗಿಲಲ್ಲಿ ಎಣ್ಣೆ ಕಲೆಯ ಖಾಕಿ ಅಂಗಿಯಲ್ಲಿ ಸುಭಾಷ ನಿಂತಿದ್ದ. ಊಟದ ಬಿಡುವಿನಲ್ಲಿ ಸೈಕಲ್ ಹೊಡೆದುಕೊಂಡು ಬಂದಿದ್ದ, ಬೆವರು ಇಳಿಯುತ್ತಿತ್ತು.

"ನೀವು ನಮಗ ಇಲಿ ಅಂದ್ರಂತ."

"ನಾ ಹಂಗ ಅಂದಿಲ್ರಿ. ನಾ ಕೇಳಿದ್ದ ಬ್ಯಾರೆ."

"ನಮ್ಮ ಅಪ್ಪಗ ಏನ ಬೇಕಾದ್ದ ಅನ್ರಿ. ಆದ್ರ ನಾ ಸಿಟ್ಟಿನ ಮನಿಷ್ಯಾ ಅಲ್ಲ!" ಎಂದು ಎಷ್ಟು ಜೋರಾಗಿ ಕೂಗಿದನೆಂದರೆ ಸಾಲುಸಾಲು ಗೂಡುಗಳಲ್ಲಿ ಇಲಿಗಳೆಲ್ಲ ಹೊಟ್ಟಿನಲ್ಲಿ ಹೊಕ್ಕವು.

"ಹಂಗಾರ ಒದರಬ್ಯಾಡ್ರಿ" ಎಂದೆ.

ಅವನು ಬಾಯಿ ಮುಚ್ಚಿದ. ಸ್ವಲ್ಪ ನಾಚಿದಂತೆಯೂ ಕಂಡಿತು. ಅಷ್ಟರಲ್ಲಿ ಅವನ ಹಿಂದೆ ರುಮಾಲು ಸುತ್ತಿದ ಬಾಳಪ್ಪನವರು ಪ್ರತ್ಯಕ್ಷರಾದರು. ಮಗ ಹುಡುಗಿಯನ್ನು ಕಾಣಲು ಹೋಗಿದ್ದಾನೆಂದು ವರ್ಕಶಾಪಿನಲ್ಲಿ ಯಾರೋ ಹೇಳಿದ್ದರು. ಅವರ ಬೆನ್ನಿಗೇ ಮೋಟರಸೈಕಲ್ಲಿನ ಸದ್ದಾಗಿ ಕಲ್ಲಪ್ಪನೂ ಒಳಗೆ ಬಂದ. ಮನೆತನದ ಮರ್ಯಾದೆಯ ಪ್ರಶ್ನೆ ಎಂದು ಅವನು ಬೇರೆಯಾಗಿಯೇ ಹೊರಟು ಬಂದಿದ್ದ. ಒಬ್ಬರು ಬರುವುದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

"ಯಾವುದವಾ ಅದು, ನಮ್ಮ ಹೆಸರ ಇಟ್ಟ ಇಲಿ? ತೋರ್ಸ ನೋಡೂಣು" ಎಂದರು ಬಾಳಪ್ಪ.

"ಮಾಮಾ, ಹೊರಗ ನಡೀರಿ. ಇಲ್ಲಿ ಯಾರಿಗೂ ಬರಾಕ ಪರವಾನಗಿ ಇಲ್ಲ" ಎಂದೆ. ಯಾರು ಕೇಳಬೇಕು? ಕಲ್ಲಪ್ಪ ಕೆಂಪು ಚೀಟಿಯ ಗೂಡಿನೊಳಗೆ ಬಗ್ಗಿ ನೋಡಿ, ಎಷ್ಟೋ ತಿಂಗಳ ಮೇಲೆ ಅಣ್ಣನ ಜೊತೆ ಮೊದಲ ಮಾತು ಆಡಿದ. "ಅಣ್ಣಾ, ಇದನ್ನ ನೋಡು. ಮಾರಿ ನಿನ್ನಂಗ ಐತಿ."

ಮುಗಿಯಿತು. "ಮನಿತನಕ್ಕ ಇಲಿ ಅನ್ನೂ ಹೆಸರ ಬಂದದ್ದ ನಿನ್ನಿಂದ" ಎಂದು ಅಣ್ಣ. "ಬೆಂಚ ಮೊದಲ ಎತ್ತಿದಾಂವ ಯಾರು?" ಎಂದು ತಮ್ಮ. ಅಲ್ಲಿಂದ ಹಾಲಿನ ಫ್ಯಾಟು, ಚೇರ್ಮನ್ ಕುರ್ಚಿ, ಸತ್ತ ಅಪ್ಪ ಯಾರಿಗೆ ಏನು ಹೇಳಿದ್ದ ಎಂಬುದೆಲ್ಲ ಬಂತು. ಸುಭಾಷ ನಡುವೆ ನಿಂತು ಇಬ್ಬರನ್ನೂ ಬಿಡಿಸಲು ನೋಡಿದ. ಬಾಳಪ್ಪ ತಮ್ಮನನ್ನು ನೂಕಿದರು. ಕಲ್ಲಪ್ಪ ಹೋಗಿ ಗೂಡುಗಳ ಕಬ್ಬಿಣದ ರ‍್ಯಾಕಿಗೆ ಬಿದ್ದ. ರ‍್ಯಾಕು ಓಲಾಡಿ, ಮೇಲಿನ ಎರಡು ಸಾಲು ಗೂಡುಗಳು ಧಡಧಡನೆ ನೆಲಕ್ಕೆ ಉರುಳಿದವು. ಮುಚ್ಚಳ ಬಿಚ್ಚಿಕೊಂಡವು. ಕೆಂಪು, ನೀಲಿ ಎಲ್ಲ ಇಲಿಗಳೂ ಕೋಣೆಯ ತುಂಬ ಓಡತೊಡಗಿದವು.

ಎಷ್ಟು ತಲೆಮಾರುಗಳ ಶ್ರಮ ಅದು! ನಮ್ಮ ಮನೆತನದಲ್ಲಿ ಯಾರೂ ಯಾರ ಮೇಲೂ ಕೈ ಮಾಡಿದವರಲ್ಲ. ಅಪ್ಪ ಬೆಕ್ಕನ್ನೂ ಹೊಡೆದವರಲ್ಲ. ಆ ಅಪ್ಪನ ಮಗಳು ನಾನು, ಮಾವನಾಗಬಹುದಾಗಿದ್ದ ಮನುಷ್ಯನ ಅಂಗಿಯ ಕಾಲರನ್ನು ಒಂದು ಕೈಯಲ್ಲಿ, ಅವರ ತಮ್ಮನ ರಟ್ಟೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಎಳೆದುಕೊಂಡು ಹೋಗಿ, ಇಬ್ಬರನ್ನೂ ಓಣಿಯಂತಿದ್ದ ವರಾಂಡಕ್ಕೆ ನೂಕಿ, ಒಳಗಿನಿಂದ ಚಿಲಕ ಹಾಕಿದೆ. ಬಾಗಿಲ ಸಂದಿನಿಂದ ಇಲಿ ಹೋಗದಂತೆ ಗೋಣಿಚೀಲ ತುರುಕಿದೆ. ತಿರುಗಿ ನೋಡಿದರೆ ಸುಭಾಷ ಒಳಗೇ ಇದ್ದ.

"ನೀವ್ಯಾಕ ಒಳಗ ಅದೀರಿ?"

"ನೀವು ನನ್ನ ನೂಕಲಿಲ್ಲಲ್ಲ" ಎಂದ. ಆಗಲೇ ಮಂಡಿಯೂರಿ ಒಂದು ಇಲಿಯನ್ನು ಮೂಲೆಗೆ ಒತ್ತಿಕೊಂಡಿದ್ದ.

ಬಾಗಿಲು ತೆರೆದರೆ ಇಲಿ ಹೋಗುತ್ತವೆ, ತೆರೆಯದಿದ್ದರೆ ನನ್ನ ಹೆಸರು ಹೋಗುತ್ತದೆ. ಹೊರಗೆ ಸಿಪಾಯಿಗಳು, ಹುಡುಗರು ಸೇರಿದ ಸದ್ದು ಕೇಳುತ್ತಿತ್ತು. ಹೆಸರು ಹೋದರೆ ಹೋಗಲಿ ಎಂದು ಇಲಿ ಹಿಡಿಯಲು ಕೂತೆ. ಸುಭಾಷ ಹಿಡಿದ ಎರಡು ಗಂಡಿಲಿಗಳನ್ನು ಒಂದೇ ಗೂಡಿಗೆ ಹಾಕಿದ. ಅವು ಒಂದರ ಮೇಲೊಂದು ಬಿದ್ದು ಚೀರತೊಡಗಿದವು. "ಬ್ಯಾರೆ ಬ್ಯಾರೆ ಹಾಕ್ರಿ! ಇಷ್ಟ ಹೊತ್ತು ಏನ ನೋಡಿದ್ರಿ ನೀವು?" ಎಂದು ಬೈದೆ. ಬಿಡಿಸಲು ಕೈ ಹಾಕಿದಾಗ ಒಂದು ಅವನ ಹೆಬ್ಬೆರಳನ್ನು ಕಚ್ಚಿ ಜೋತುಬಿತ್ತು. ರಕ್ತ ಬಂತು. ಅವನ ಮುಖ ಕೆಂಪಾಯಿತು. ಆದರೆ ಝಾಡಿಸಿ ಒಗೆಯಲಿಲ್ಲ. ಅದರ ಹಿಡಿತ ಬಿಡಿಸಿ, ಬೇರೆ ಗೂಡಿಗೆ ಇಳಿಸಿ, ಮುಚ್ಚಳ ಹಾಕಿ, ಆಮೇಲೆ ಕೈ ಒದರಿಕೊಂಡ. ನಾನು ಅದನ್ನು ಗಮನಿಸಿದೆ. ಗಮನಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಟಿಂಚರ್ ಹತ್ತಿ ಕೊಟ್ಟೆ. ಒತ್ತಿಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದ. "ಅವ್ವ ಬಿದ್ದಿದ್ದಿಲ್ಲ."

"ಗೊತ್ತೈತಿ."

"ನಾ ಆವಾಗ ಸಣ್ಣಾಂವ. ಅಪ್ಪ ಹಾಲಿನ ಕ್ಯಾನಿನ ಮುಚ್ಚಳಾ ಬೀಸಿ ಹೊಡದ. ನಾ ಬಾಗಲಾ ಹಿಡಕೊಂಡ ನಿಂತ ನೋಡಿದ್ನಿ." ಹತ್ತಿ ತಿರುಗಿಸಿ ಮತ್ತೆ ಒತ್ತಿಕೊಂಡ. "ನಾ ಹೊಡಿಯೂದಿಲ್ಲ ಅಂತ ನಿಮಗ ಹೇಳಬೇಕಂತ ಬಂದಿದ್ನಿ. ಆದ್ರ ಖರೇ ಹೇಳ್ತೇನಿ, ನಂಗ ಗೊತ್ತಿಲ್ಲ. ಇನ್ನತನಾ ಯಾರನ್ನೂ ಹೊಡದಿಲ್ಲ. ನಮ್ಮ ಅಪ್ಪನೂ ನನ್ನ ವಯಸ್ಸಿನ್ಯಾಗ ಹೊಡದಿರಲಿಕ್ಕಿಲ್ಲ. ನಿಮ್ಮ ಸಾಹೇಬರು ಪರೀಕ್ಷಾ ಮಾಡಿ ಹೇಳ್ತಾರೇನು?"

ಇಷ್ಟು ದಿನ ಯಾರನ್ನು ಕೇಳಿದರೂ "ಹುಡುಗ ಬಂಗಾರದಂಥಾಂವ" ಎಂದೇ ಹೇಳಿದ್ದರು. ಗೊತ್ತಿಲ್ಲ ಎಂದವನು ಇವನೊಬ್ಬನೇ.

ಹೊರಗಿನಿಂದ "ದಾರ ಉಘಡಾ!", ಬಾಗಿಲು ತೆಗೆಯಿರಿ, ಎಂದು ಸರ್ ಧ್ವನಿ ಬಂತು. ಎಲ್ಲ ಇಲಿಗಳೂ ಗೂಡು ಸೇರಿದವೆಂದು ನೋಡಿ ಚಿಲಕ ತೆಗೆದೆ. ಸರ್ ಒಳಗೆ ಬಂದವರು ನೆಲ ನೋಡಿ ತಲೆ ಹಿಡಿದುಕೊಂಡರು. ಗುರುತಿಗೆಂದು ಇಲಿಗಳ ಕಿವಿಯಲ್ಲಿ ಕಚ್ಚು ಹಾಕಿದ್ದೆವು. ಅವನ್ನು ನೋಡಿ ಯಾವುದು ಯಾವ ವಂಶದ್ದೆಂದು ಬೇರ್ಪಡಿಸಲು ಬರುತ್ತಿತ್ತು. ಆದರೆ ತಮ್ಮ ಅಣ್ಣತಮ್ಮಂದಿರ ಜೊತೆ ಬೆಳೆಯುತ್ತಿದ್ದ ಇಲಿಗಳು ಬೇರೆಯವುಗಳ ಜೊತೆ ಕಾದಾಡಿಬಿಟ್ಟಿದ್ದವು. ಆ ಗುಂಪಿನ ಪ್ರಯೋಗ ಕೆಟ್ಟೇ ಹೋಯಿತು. ಸರ್ ನನ್ನನ್ನು ಬೈದದ್ದನ್ನು ಇಲ್ಲಿ ಬರೆಯುವುದು ಬೇಡ.

ಅವರು ಉಸಿರು ತೆಗೆದುಕೊಳ್ಳಲು ನಿಂತಾಗ, ಈ ಮಹಾನುಭಾವ ನಿಜವಾಗಿಯೂ ಕೇಳಿಯೇ ಬಿಟ್ಟ. ತನ್ನ ಅಪ್ಪ, ಅಜ್ಜ ಎಲ್ಲರ ಕಥೆ ಹೇಳಿ, "ನಾನು ಹೆಂಗ ಆಗ್ತೇನ್ರಿ ಸಾಹೇಬ?" ಎಂದ. ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಈ ವಂಶದ ನೂರು ಇಲಿ ಕೊಟ್ಟರೆ ಹೆಚ್ಚಿನವು ಕಾದಾಡುತ್ತವೆ ಎಂದು ಹೇಳಬಲ್ಲೆ. ಅದರಲ್ಲಿ ಇದೇ ಒಂದು ಇಲಿ ನಾಳೆ ಏನು ಮಾಡುತ್ತದೆ ಎಂದು ನನಗೆ ಹೇಳಲು ಬರುವುದಿಲ್ಲ. ನೀನು ಇಲಿಯೂ ಅಲ್ಲ. ಈಗ ಕಸಬರಿಗೆ ತಗೊಂಡು ಹೊಟ್ಟು ಗುಡಿಸು" ಎಂದರು. ಅವನು ಗುಡಿಸಿದ. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ಅಣ್ಣತಮ್ಮಂದಿರು ರ‍್ಯಾಕು ಬಿದ್ದದ್ದು ಯಾರ ತಪ್ಪಿನಿಂದ ಎಂದು ಇನ್ನೂ ವಾದ ಮಾಡುತ್ತಲೇ ಇದ್ದರು.

ಅವತ್ತು ಸಂಜೆ ಕಾಕಾ ಓಡಿ ಬಂದರು. "ನಾಕ ಮಂದಿ ಮುಂದ ಹುಡುಗನ್ನ ಕರಕೊಂಡ ಬಾಗಲಾ ಹಾಕ್ಕೊಂಡ ಕುಂತಾಳ. ಇನ್ನ ಲಗ್ನಾ ಮಾಡ್ಲಿಕ್ಕೇ ಬೇಕು!" ಮೊದಲು, ಸ್ಥಳ ಚೆನ್ನಾಗಿದೆ ಎಂದು ಮದುವೆ. ಈಗ, ಹೆಸರು ಕೆಟ್ಟಿದೆ ಎಂದು ಮದುವೆ. ನಾನು ಏನೇ ಮಾಡಿದರೂ ಇವರ ಉತ್ತರ ಒಂದೇ! ನಾನು ಬಾಯಿ ತೆರೆಯುವ ಮೊದಲು ಅಪ್ಪ ಮಾತಾಡಿದರು. "ಅಕಿ ಒಂದ ಪ್ರಶ್ನಿ ಕೇಳಿದ್ಲು. ಅದಕ್ಕ ಇನ್ನೂ ಯಾರೂ ಉತ್ತರಾ ಕೊಟ್ಟಿಲ್ಲ. ಕೊಡೂತನಾ ಲಗ್ನದ ಮಾತ ಎತ್ತಬ್ಯಾಡ" ಎಂದರು. ಅಪ್ಪ ತಮ್ಮನಿಗೆ ಎದುರು ಹೇಳಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಮುಂದೆ ಒಂದು ವರ್ಷ ಹಾಗೆಯೇ ಹೋಯಿತು. ಸುಭಾಷ ಆಗಾಗ ಸಂಜೆ ನಮ್ಮ ಅಪ್ಪನ ಜೊತೆಗೇ ಕುಪವಾಡದಿಂದ ಸೈಕಲ್ ಮೇಲೆ ಬರುತ್ತಿದ್ದ. ಒಂದು ದಿನ ಬಂದವನೇ ಕೂಡದೆ ನಿಂತ. "ಇವತ್ತ ಫೋರ್ಮನ್ ಜೋಡಿ ಮಾತಿಗೆ ಮಾತ ಬೆಳೀತು. ನಂಗ ಭಾಳ ಸಿಟ್ಟ ಬಂತು. ಬಕೆಟ್ ಒದ್ನಿ. ಮನಿಷ್ಯಾಗ ಅಲ್ಲ, ಬಕೆಟಿಗೆ."

"ಅದನ್ನ ನನ್ನ ಮುಂದ ಯಾಕ ಹೇಳ್ತೀರಿ?" ಎಂದೆ.

"ನೀವು ಕೇಳಿದ್ರಲ್ಲ" ಎಂದ.

ನನಗೆ ನಗು ಬಂತು, ಆದರೆ ನಗಲಿಲ್ಲ. ಆ ವರ್ಷ ಅವನು ಹಾಗೆ ಬಂದು ಹೇಳಿದ್ದು ಅದೊಂದೇ ಸಲವಲ್ಲ. ಮುಂದಿನ ಬೇಸಿಗೆಯಲ್ಲಿ ನಾನೇ ಅಪ್ಪನಿಗೆ, ಮದುವೆ ಆಗಲಿ ಎಂದೆ. ಬೇಡಗದ ಮನೆಯಲ್ಲಿ ಇರುವುದಿಲ್ಲ, ಕುಪವಾಡದಲ್ಲಿ ಬೇರೆ ಖೋಲಿ ಮಾಡಬೇಕು ಎಂದೂ ಹೇಳಿದೆ. ಬಾಳಪ್ಪನವರು ಕೂಗಾಡಿದರು. ಸುಭಾಷ ಕೇಳಲಿಲ್ಲ.

ಮದುವೆಯಾದ ಕೆಲವು ದಿನಕ್ಕೆ ಗಂಗವ್ವ ನಮ್ಮ ಖೋಲಿಗೆ ಬಂದರು. ಮಗ ಕೆಲಸಕ್ಕೆ ಹೋಗಿದ್ದ. ಅವರು ಎಡಗೈಯಲ್ಲೇ ರೊಟ್ಟಿ ತಟ್ಟುತ್ತಿದ್ದರು. ನಾನು ಬೇಯಿಸುತ್ತಿದ್ದೆ. ನಾಲ್ಕೈದು ರೊಟ್ಟಿ ಆದ ಮೇಲೆ, "ನೀ ಮೊದಲ ಕೇಳಿ ಬಂದಿ ಅಲ್ಲವಾ" ಎಂದರು. ತಪ್ಪು ಹಿಡಿಯುತ್ತಿದ್ದಾರೆ ಎಂದುಕೊಂಡು ಉತ್ತರಕ್ಕೆ ಸಿದ್ಧಳಾದೆ. ಅವರು ಹಿಟ್ಟು ಮೆತ್ತಿದ ಕೈಯನ್ನೇ ನೋಡುತ್ತ, "ಹಿಂಗ ಕೇಳಾಕ ಬರತೈತಿ ಅಂತ ನನಗ ಯಾರೂ ಹೇಳಿರಲಿಲ್ಲ" ಎಂದರು. ಅಷ್ಟೇ. ಮುಂದಿನ ರೊಟ್ಟಿ ತಟ್ಟತೊಡಗಿದರು.

ನನ್ನ ಗಂಡನಿಗೆ ಸಿಟ್ಟು ಬರುವುದಿಲ್ಲ ಎಂದು ಸುಳ್ಳು ಹೇಳಲಾರೆ. ಬರುತ್ತದೆ. ಬಂದಾಗ ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಾನೆ, ಮಾಧವನಗರದವರೆಗೂ ನಡೆದು ಬರುತ್ತಾನೆ. ಇಷ್ಟು ವರ್ಷಗಳಲ್ಲಿ ನನ್ನ ಮೇಲಾಗಲಿ ಮಕ್ಕಳ ಮೇಲಾಗಲಿ ಕೈ ಎತ್ತಿಲ್ಲ. ಅವನಿಗೆ ವಂಶದಿಂದ ಬಂದದ್ದು ಎಷ್ಟು, ಬರದೇ ಹೋದದ್ದು ಎಷ್ಟು, ಪ್ರತಿ ಸಲ ಅವನೇ ತಡೆದುಕೊಂಡದ್ದು ಎಷ್ಟು, ನನಗೆ ಗೊತ್ತಿಲ್ಲ. ಗೊತ್ತಿರುವವರಂತೆ "ಎಲ್ಲಾ ರಕ್ತದಾಗ ಇರತೈತ್ರಿ" ಎನ್ನುವವರನ್ನು ಕಂಡರೆ ನನಗೆ ಈಗಲೂ ತಲೆ ಕೆಡುತ್ತದೆ. "ರಕ್ತದಾಗ ಏನೂ ಇಲ್ರಿ, ಎಲ್ಲಾ ಸಂಸ್ಕಾರ" ಎನ್ನುವವರನ್ನು ಕಂಡರೂ ಅಷ್ಟೇ. ಅವರಲ್ಲಿ ಯಾರೂ ಇಲಿಗಳ ಹೊಟ್ಟು ಬದಲಿಸಿದವರಲ್ಲ.

ಆದರೆ ಕೇಳಿದ್ದು ಸರಿ ಎಂಬುದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ಅದಕ್ಕೇ ನಮ್ಮ ಬಳಗದಲ್ಲಿ ಯಾವ ಹುಡುಗಿಯನ್ನು ನೋಡಲು ಬಂದರೂ ಕೇಳುತ್ತೇನೆ. ಮೊನ್ನೆ ಸಲಗರೆಯಲ್ಲಿ ಕಾಕಾನ ಮೊಮ್ಮಗಳನ್ನು ನೋಡಲು ಬಂದವರಿಗೂ, ಚಹಾ ಕೊಟ್ಟ ಮೇಲೆ, "ನಿಮ್ಮ ಮನ್ಯಾಗ ಗಂಡಸರು ಹೊಡಿತಾರೇನ್ರಿ?" ಎಂದೆ. ಹುಡುಗನ ಅಪ್ಪ ಸಿಟ್ಟಿನಿಂದ ಎದ್ದು ನಿಂತರು. ಅವರ ಜೊತೆ ಬಂದ ಗಂಡಸರೆಲ್ಲ ಎದ್ದರು. ಹುಡುಗನ ಅವ್ವ ಮಾತ್ರ ಕಪ್ಪು ಹಿಡಿದುಕೊಂಡು, ನನ್ನನ್ನೇ ನೋಡುತ್ತ, ಕೂತೇ ಇದ್ದರು.